1963ರ ನವೆಂಬರ್ 23: ಬಿಬಿಸಿಯ ಒಂದು ಕಪ್ಪುಬಿಳುಪು ಶನಿವಾರ

ಹಳೇಟಿವಿ:
ಕಪ್ಪುಬಿಳುಪು ಕಾಲದ ಬ್ರಿಟಿಷ್ ಟಿವಿ ಬಗ್ಗೆ ಮಾತು ಬಂದಾಗೆಲ್ಲ ನಾವು ಒಂದೊಂದು ಕಾರ್ಯಕ್ರಮದ ಹೆಸರು ಹಿಡಿದು ಮಾತಾಡುತ್ತೇವೆ. ಆಗಿನ ಜನ ಹಾಗೆ ನೋಡುತ್ತಿರಲಿಲ್ಲ. ಸೆಟ್ ಹಾಕಿದರೆ ಒಂದರ ಹಿಂದೆ ಒಂದು ಏನು ಬರುತ್ತದೋ ಅದನ್ನೇ ನೋಡಬೇಕು. ಇದ್ದದ್ದು ಎರಡೇ ಚಾನೆಲ್, ಬಿಬಿಸಿ ಮತ್ತು ಜಾಹೀರಾತಿನ ದುಡ್ಡಿನಲ್ಲಿ ನಡೆಯುತ್ತಿದ್ದ ಐಟಿವಿ. ರೆಕಾರ್ಡ್ ಮಾಡಿಟ್ಟುಕೊಂಡು ಆಮೇಲೆ ನೋಡೋಣ ಅನ್ನೋಕೆ ಮನೆಯಲ್ಲಿ ಯಂತ್ರ ಇಲ್ಲ. ಹಾಗಾಗಿ ಒಂದು ಇಡೀ ದಿನವನ್ನು ಎದುರಿಗಿಟ್ಟುಕೊಂಡರೆ ಮಾತ್ರ ಆ ಕಾಲದ ಟಿವಿ ಎಂಥದ್ದು ಅಂತ ಗೊತ್ತಾಗುತ್ತದೆ ಅನ್ನೋದು ನನ್ನ ವಾದ. ಅದಕ್ಕೇ ಒಂದು ದಿನ ಆರಿಸಿಕೊಂಡಿದ್ದೇನೆ.

1963ರ ನವೆಂಬರ್ 23, ಶನಿವಾರ. ಹಿಂದಿನ ದಿನ ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆ ಆಗಿದೆ. ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ ಅಂದರೆ ಲಂಡನ್ನಿನಲ್ಲಿ ಸಂಜೆ ಆರೂವರೆ. ಸಾವಿನ ಸುದ್ದಿ ಏಳೂವರೆ ಸುಮಾರಿಗೆ ಖಚಿತವಾಯಿತು. ಊಟದ ಹೊತ್ತು, ಜನ ಟಿವಿ ಮುಂದೆ ಕೂತಿರುವ ಹೊತ್ತು. ಇಡೀ ದೇಶ ದುಃಖದಲ್ಲಿ ಮಲಗಿ ಎದ್ದ ಮರುದಿನ ಬಿಬಿಸಿ ಏನು ತೋರಿಸಿತು ನೋಡಿ.

ಮಧ್ಯಾಹ್ನದಿಂದ ಸಂಜೆವರೆಗೆ ಎಂದಿನಂತೆ 'ಗ್ರ್ಯಾಂಡ್‌ಸ್ಟ್ಯಾಂಡ್', ಕ್ರೀಡೆಯ ಕಾರ್ಯಕ್ರಮ. 1958ರಲ್ಲಿ ಶುರುವಾದದ್ದು. ಕುದುರೆ ರೇಸು, ರಗ್ಬಿ, ಕೊನೆಗೆ ಫುಟ್‌ಬಾಲ್ ಫಲಿತಾಂಶ. ಫಲಿತಾಂಶ ತೋರಿಸುತ್ತಿದ್ದ ರೀತಿ ನನಗೆ ಬಹಳ ಇಷ್ಟ. ಟೆಲಿಪ್ರಿಂಟರ್ ಮೇಲೆಯೇ ಕ್ಯಾಮೆರಾ ಇಟ್ಟುಬಿಡುತ್ತಿದ್ದರು. ಅಕ್ಷರ ಅಕ್ಷರವಾಗಿ ತಂಡದ ಹೆಸರು ಮೂಡುತ್ತದೆ, ಆಮೇಲೆ ಗೋಲು, ಆಮೇಲೆ ಎದುರಾಳಿಯ ಹೆಸರು, ಅದರ ಗೋಲು. ಫುಟ್‌ಬಾಲ್ ಪೂಲ್ಸ್ ಅಂತ ಡ್ರಾ ಆಗುವ ಪಂದ್ಯಗಳ ಮೇಲೆ ದುಡ್ಡು ಕಟ್ಟುವ ಆಟ ಇತ್ತಲ್ಲ, ಅದರ ಕೂಪನ್ ಕೈಯಲ್ಲಿ ಹಿಡಿದು ಮನೆಯ ಯಜಮಾನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದ. ಆ ಕೆಲವು ನಿಮಿಷ ಮಕ್ಕಳು ಉಸಿರೆತ್ತುವ ಹಾಗಿಲ್ಲ.

ಅದು ಮುಗಿದ ಮೇಲೆ 5:15ಕ್ಕೆ ಒಂದು ಹೊಸ ಧಾರಾವಾಹಿ, 'ಡಾಕ್ಟರ್ ಹೂ'. ಅದರ ಮೊಟ್ಟಮೊದಲ ಕಂತು. ನವೆಂಬರ್ ಕೊನೆಯಲ್ಲಿ ಅಲ್ಲಿ ನಾಲ್ಕು ಗಂಟೆಗೇ ಸೂರ್ಯ ಮುಳುಗುತ್ತಾನೆ, ಆದ್ದರಿಂದ ಹೊರಗೆ ಕಗ್ಗತ್ತಲು. ಮಂಜು ಕವಿದ ರಾತ್ರಿ, ಬೀಟ್ ಹೊಡೆಯುವ ಪೊಲೀಸು, ಗುಜರಿ ಅಂಗಡಿಯ ಅಂಗಳ, ಅದರಲ್ಲಿ ಗುಂಯ್‌ಗುಡುತ್ತಾ ನಿಂತ ಒಂದು ಪೊಲೀಸ್ ಪೆಟ್ಟಿಗೆ. ಪೊಲೀಸರಿಗೆ ಫೋನ್ ಮಾಡಲು ಇಟ್ಟ, ಆಳು ಒಳಗೆ ನಿಲ್ಲುವಷ್ಟು ದೊಡ್ಡ ಅಂಥ ಪೆಟ್ಟಿಗೆಗಳು ಆಗ ಬೀದಿಬೀದಿಯಲ್ಲಿ ಇದ್ದವು. ಮಕ್ಕಳು ದಿನಾ ಶಾಲೆಗೆ ಹೋಗುವಾಗ ನೋಡುವ ವಸ್ತುವನ್ನೇ ಕಥೆಗಾರರು ಕಾಲಯಂತ್ರ ಮಾಡಿದರು.

ಮುಂದೆ 'ಜ್ಯೂಕ್ ಬಾಕ್ಸ್ ಜ್ಯೂರಿ', ಹೊಸ ಹಾಡಿನ ತಟ್ಟೆಗಳನ್ನು ಕೇಳಿಸಿ ಹಿಟ್ಟೋ ಫ್ಲಾಪೋ ಅಂತ ತೀರ್ಪು ಹೇಳಿಸುವ ಕಾರ್ಯಕ್ರಮ. ರಾತ್ರಿ 'ದಟ್ ವಾಸ್ ದ ವೀಕ್ ದಟ್ ವಾಸ್'. ಇದು ರಾಜಕಾರಣಿಗಳನ್ನು ಹಿಗ್ಗಾಮುಗ್ಗಾ ಗೇಲಿ ಮಾಡುವುದಕ್ಕೇ ಹೆಸರಾದದ್ದು, ಡೇವಿಡ್ ಫ್ರಾಸ್ಟ್ ನಡೆಸಿಕೊಡುತ್ತಿದ್ದ. ಆ ರಾತ್ರಿ ಅದರಲ್ಲಿ ಒಂದೂ ನಗೆಮಾತಿಲ್ಲ. ಬರೆದಿಟ್ಟಿದ್ದ ಸ್ಕ್ರಿಪ್ಟನ್ನು ಪಕ್ಕಕ್ಕಿಟ್ಟು ಒಂದೇ ದಿನದಲ್ಲಿ ಹೊಸದು ಬರೆದರು. ಸುಮಾರು ಇಪ್ಪತ್ತು ನಿಮಿಷ, ಬರೀ ಶ್ರದ್ಧಾಂಜಲಿ. ಮಿಲಿಸೆಂಟ್ ಮಾರ್ಟಿನ್ ಅದಕ್ಕೇ ಬರೆದ ಹಾಡು ಹಾಡಿದಳು. ಹಿರಿಯ ರಂಗನಟಿ ಸಿಬಿಲ್ ಥಾರ್ನ್‌ಡೈಕ್ ಕೆನಡಿಯ ಹೆಂಡತಿಯನ್ನು ಕುರಿತ ಸಾಲುಗಳನ್ನು ಓದಿದರು. ಮರುದಿನ ಅದನ್ನು ಅಮೆರಿಕದ ಎನ್‌ಬಿಸಿ ಕೂಡ ಪ್ರಸಾರ ಮಾಡಿತು.

ಫುಟ್‌ಬಾಲ್, ಗುಜರಿ ಅಂಗಡಿಯ ಕಾಲಯಂತ್ರ, ಪಾಪ್ ಹಾಡು, ಕಣ್ಣೀರು. ಒಂದೇ ಪರದೆ, ಒಂದೇ ಕೋಣೆ, ಅಜ್ಜಿಯಿಂದ ಮೊಮ್ಮಗನವರೆಗೆ ಅದೇ ಜನ. ಬಿಡಿಬಿಡಿಯಾಗಿ ಡಿವಿಡಿಯಲ್ಲಿ ನೋಡಿದರೆ ಇದು ಸಿಗುವುದಿಲ್ಲ.

ಕಡಲತಡಿ:
ಚೆನ್ನಾಗಿ ಬರೆದಿದ್ದೀರಿ ಸರ್. ಒಂದು ಸಂಶಯ. ಕೆನಡಿ ಸುದ್ದಿಯಿಂದಾಗಿ 'ಡಾಕ್ಟರ್ ಹೂ' ಹತ್ತು ನಿಮಿಷ ತಡವಾಗಿ ಬಂತು ಅಂತ ಬಹಳ ಕಡೆ ಓದಿದ್ದೇನೆ. ಮತ್ತೆ ಇನ್ನೊಂದು, ಹತ್ಯೆಯಾದ ಶುಕ್ರವಾರ ರಾತ್ರಿಯೇ ಬಿಬಿಸಿ ಹಾಸ್ಯ ಕಾರ್ಯಕ್ರಮ ಹಾಕಿತ್ತಂತೆ, ನಿಜವಾ? ಅಷ್ಟು ದೊಡ್ಡ ಸಂಸ್ಥೆ ಹಾಗೆ ಹೇಗೆ ಮಾಡಿತು?

ಹಳೇಟಿವಿ:
ಹತ್ತು ನಿಮಿಷ ಅನ್ನೋದು ಬಾಯಿಂದ ಬಾಯಿಗೆ ಬೆಳೆದ ಕಥೆ. 5:15ರ ಬದಲು 5:16 ದಾಟಿ 20 ಸೆಕೆಂಡಿಗೆ ಶುರುವಾಯಿತು. ತಡ ಆಗಿದ್ದು 80 ಸೆಕೆಂಡು ಅಷ್ಟೇ. ಆ ಕಂತಿಗೆ ಪೆಟ್ಟು ಬಿದ್ದದ್ದು ಬೇರೆ ಕಾರಣಕ್ಕೆ. ಜನರ ಮನಸ್ಸು ಅಲ್ಲಿರಲಿಲ್ಲ, ಜೊತೆಗೆ ದೇಶದ ಕೆಲವು ಕಡೆ ಕರೆಂಟೇ ಹೋಗಿತ್ತು. ನೋಡಿದವರು 44 ಲಕ್ಷ. ಹಾಗಾಗಿ ಮುಂದಿನ ಶನಿವಾರ, ನವೆಂಬರ್ 30ಕ್ಕೆ, ಎರಡನೇ ಕಂತಿಗೆ ಮುಂಚೆ ಮೊದಲ ಕಂತನ್ನು ಮತ್ತೆ ಹಾಕಿದರು. ಆಗ 60 ಲಕ್ಷ ಜನ ನೋಡಿದರು. ಒಮ್ಮೆ ಹೋದದ್ದು ಹೋಯಿತು ಅನ್ನುವ ಕಾಲದಲ್ಲಿ ಒಂದೇ ವಾರದೊಳಗೆ ಮರುಪ್ರಸಾರ ಅಂದರೆ ಸಣ್ಣ ಮಾತಲ್ಲ.

ಶುಕ್ರವಾರದ ವಿಷಯ ನಿಜ. ಅವತ್ತು ಟಿವಿ ನಿರ್ಮಾಪಕರ ಸಂಘದ ಪ್ರಶಸ್ತಿ ಸಮಾರಂಭ ಇತ್ತು, ದೊಡ್ಡ ಅಧಿಕಾರಿಗಳು ಬಹಳಷ್ಟು ಜನ ಊಟಕ್ಕೆ ಅಲ್ಲಿಗೆ ಹೋಗಿದ್ದರು. ನಿರ್ಧಾರ ತೆಗೆದುಕೊಳ್ಳಬೇಕಾದವರು ಕಚೇರಿಯಲ್ಲಿ ಇಲ್ಲ. ಸಾವಿನ ಸುದ್ದಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಪರದೆ ಮೇಲೆ ತಿರುಗುವ ಭೂಗೋಳ ತೋರಿಸಿದರು. ಆಮೇಲೆ ಹ್ಯಾರಿ ವರ್ತ್‌ನ ಹಾಸ್ಯ, ಅದಾದ ಮೇಲೆ 'ಡಾಕ್ಟರ್ ಫಿನ್ಲೇಸ್ ಕೇಸ್‌ಬುಕ್'. ಪಟ್ಟಿಯಲ್ಲಿ ಇದ್ದದ್ದನ್ನೇ ಹಾಕಿದರು. ಬಿಬಿಸಿಗೆ ಬೈಗುಳದ ಕರೆಗಳ ಸುರಿಮಳೆ ಆಯಿತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವ ರೂಢಿಯೇ ಇನ್ನೂ ಹುಟ್ಟಿರಲಿಲ್ಲ. ಶನಿವಾರ ರಾತ್ರಿಯ ಆ ಇಪ್ಪತ್ತು ನಿಮಿಷವನ್ನು ಶುಕ್ರವಾರದ ಜೊತೆ ಇಟ್ಟು ನೋಡಬೇಕು. ನಗಿಸುವವರೇ ಮೊದಲು ಸರಿಯಾದ ದನಿ ಕಂಡುಕೊಂಡರು ಅಂತ ನನಗೆ ಅನಿಸುತ್ತದೆ.

ರಿಪೇರಿಅಂಗಡಿ:
ನಾನು ಹಳೇ ಸೆಟ್‌ಗಳನ್ನು ಬಿಚ್ಚಿ ಜೋಡಿಸುವವನು, ಆ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಟಿವಿ ಚಿತ್ರ ಒಂದರ ಕೆಳಗೊಂದು ಅಡ್ಡಗೆರೆ ಎಳೆದು ಮೂಡುವಂಥದ್ದು, ಆಗ ಬ್ರಿಟನ್ನಿನ ಚಿತ್ರಕ್ಕೆ ಅಂಥ 405 ಗೆರೆ. 1936ರಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಪ್ರಸಾರ ಶುರುವಾದಾಗ ಬೇರ್ಡ್‌ನ 240 ಗೆರೆಯ ಪದ್ಧತಿಯನ್ನೂ ಮಾರ್ಕೋನಿ-ಇಎಂಐಯ 405 ಗೆರೆಯ ಪದ್ಧತಿಯನ್ನೂ ಸರದಿ ಮೇಲೆ ಹಾಕಿ ನೋಡಿದರು. 1937ರ ಫೆಬ್ರವರಿಗೆ ಬೇರ್ಡ್ ಪದ್ಧತಿ ಬಿಟ್ಟರು. ಅಲ್ಲಿಂದ ಮುಂದೆ 405.

ಸೆಕೆಂಡಿಗೆ 25 ಚಿತ್ರ, ಒಂದೊಂದಕ್ಕೆ 405 ಗೆರೆ. ಗುಣಿಸಿದರೆ 10,125. ಸೆಟ್ಟಿನ ಒಳಗಿನ ಲೈನ್ ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ ಅಷ್ಟು ಸಲ ಅದುರುತ್ತದೆ. ಅದು ಕಿವಿಗೆ ಕೇಳಿಸುವ ಶಬ್ದ! ಅಂದರೆ ಟಿವಿ ಓಡುತ್ತಿರುವಷ್ಟು ಹೊತ್ತೂ ಕೋಣೆಯಲ್ಲಿ ಸಣ್ಣಗೆ ಕುಂಯ್ ಅನ್ನುತ್ತಲೇ ಇರುತ್ತದೆ. ನಮ್ಮ ಊರಿನ ಡಯನೋರಾ, ಸಾಲಿಡೇರ್ ಸೆಟ್‌ಗಳು 625 ಗೆರೆಯವು, ಲೆಕ್ಕ 15,625ಕ್ಕೆ ಹೋಗುತ್ತದೆ. ಅದು ಚಿಕ್ಕ ಮಕ್ಕಳಿಗೆ ಕೇಳಿಸೀತು, ವಯಸ್ಸಾದವರಿಗೆ ಕೇಳಿಸುವುದು ಕಷ್ಟ. 405ರ ಶಬ್ದ ಜಾಸ್ತಿ ಜನರ ಕಿವಿಗೆ ಬೀಳುತ್ತಿತ್ತು.

ಸ್ವಿಚ್ ಹಾಕಿದ ತಕ್ಷಣ ಚಿತ್ರ ಬರುವುದಿಲ್ಲ, ಒಳಗಿನ ವಾಲ್ವ್ ಬಿಸಿಯಾಗಬೇಕು. ಮೊದಲು ದನಿ ಬರುತ್ತದೆ, ಆಮೇಲೆ ನಿಧಾನಕ್ಕೆ ಬೆಳಕು. ಬೀದಿಯಲ್ಲಿ ಮೋಟರ್‌ಸೈಕಲ್ ಹೋದರೆ ಅದರ ಸ್ಪಾರ್ಕ್ ಪ್ಲಗ್ಗಿನ ಕಿಡಿ ಪರದೆ ಮೇಲೆ ಬಿಳಿ ಚುಕ್ಕೆಯಾಗಿ ಸಿಡಿಯುತ್ತದೆ. ಬಿಬಿಸಿಗೆ ಒಂದು ಆಂಟೆನಾ, ಐಟಿವಿ ಬೇರೆ ಬ್ಯಾಂಡಿನಲ್ಲಿ ಇದ್ದದ್ದರಿಂದ ಅದಕ್ಕೆ ಇನ್ನೊಂದು. ನೀವು ಹೇಳಿದ ಶನಿವಾರದ ದುಃಖ, ಖುಷಿ ಎಲ್ಲವೂ ಈ ಕುಂಯ್ ಶಬ್ದದ ನಡುವೆಯೇ ನಡೆದದ್ದು.

ಸಂಜೆಮಲ್ಲಿಗೆ:
ಶಬ್ದದ ಮಾತು ಬಂತಲ್ಲ, ಆ 80 ಸೆಕೆಂಡು ಕಾದ ಜನರಿಗೆ ಮೊದಲು ಕೇಳಿಸಿದ್ದೇನು ಅಂತ ಯಾರಾದರೂ ಹೇಳಲೇಬೇಕು. 'ಡಾಕ್ಟರ್ ಹೂ' ಶೀರ್ಷಿಕೆ ಸಂಗೀತದ ರಾಗ ರಾನ್ ಗ್ರೇನರ್‌ದು. ಆದರೆ ಅದಕ್ಕೆ ಜೀವ ಕೊಟ್ಟವಳು ಕಾರ್ಯಕ್ರಮಗಳಿಗೆ ವಿಶೇಷ ಶಬ್ದ ತಯಾರಿಸುವ ಬಿಬಿಸಿಯ ವಿಭಾಗವಾದ ರೇಡಿಯೊಫೋನಿಕ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದ ಡೀಲಿಯಾ ಡರ್ಬಿಶೈರ್. ಸಿಂಥಸೈಜರ್ ಇಲ್ಲ. ಹಲವು ಟ್ರ್ಯಾಕಿನ ರೆಕಾರ್ಡರ್ ಇಲ್ಲ. ಪ್ರಯೋಗಾಲಯದ ಆಸಿಲೇಟರಿನ ನಾದ, ಮೀಟಿದ ಒಂದು ತಂತಿಯ ಶಬ್ದ, ಇವನ್ನು ಟೇಪಿಗೆ ಹಿಡಿದು, ವೇಗ ಹೆಚ್ಚುಕಡಿಮೆ ಮಾಡಿ ಬೇಕಾದ ಸ್ವರ ತೆಗೆದರು. ಆಮೇಲೆ ಒಂದೊಂದು ಸ್ವರಕ್ಕೆ ಬೇಕಾದಷ್ಟೇ ಉದ್ದ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿದರು. ಡಿಕ್ ಮಿಲ್ಸ್ ಜೊತೆಗಿದ್ದರು. ಇಂಥ ಟೇಪುಗಳನ್ನು ಬೇರೆಬೇರೆ ಯಂತ್ರಗಳಲ್ಲಿ ಹಾಕಿ ಒಟ್ಟಿಗೆ ಓಡಿಸಿ ಕೂಡಿಸಿದರು.

ಅವಳ ಹೆಸರು ಪರದೆ ಮೇಲೆ ಬರಲಿಲ್ಲ. ವರ್ಕ್‌ಶಾಪಿನವರ ಹೆಸರು ಹಾಕುವ ಪದ್ಧತಿಯೇ ಇರಲಿಲ್ಲ. ತಾನು ಬರೆದ ರಾಗ ಹೀಗೆ ಆಗಿಬಂದದ್ದು ಕೇಳಿ ಗ್ರೇನರ್ ಬೆರಗಾದರು, ಆಕೆಗೂ ಪಾಲು ಸಿಗಲಿ ಅಂತ ಬಯಸಿದರು, ಬಿಬಿಸಿ ಒಪ್ಪಲಿಲ್ಲ. ಆಕೆ ತೀರಿಕೊಂಡದ್ದು 2001ರಲ್ಲಿ. ಆ ಧಾರಾವಾಹಿಯಲ್ಲಿ ಆಕೆಯ ಹೆಸರು ಬಂದದ್ದು 2013ರ ಐವತ್ತನೇ ವರ್ಷದ ಕಂತಿನಲ್ಲಿ. ಈ ವಿಷಯ ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಆ ಧಾರಾವಾಹಿಯ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ನಿರ್ದೇಶಕ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು, ಲೇಖಕಿ ಅತಿಯಾ ಹುಸೇನ್ ಅವರ ಮಗ, ವಯಸ್ಸು 24. ಹೆಂಗಸೊಬ್ಬಳು, ಭಾರತದಲ್ಲಿ ಹುಟ್ಟಿದ ಹುಡುಗನೊಬ್ಬ. ಆಗಿನ ಬಿಬಿಸಿಯ ನಾಟಕ ವಿಭಾಗದಲ್ಲಿ ಇಬ್ಬರೂ ಎಲ್ಲರ ಕಣ್ಣಿಗೆ ಬೀಳುವವರೇ. ಮೊದಲ ಕಂತನ್ನು ಸೆಪ್ಟೆಂಬರ್ 27ರಂದು ಚಿತ್ರೀಕರಿಸಿದರು. ಕಾಲಯಂತ್ರದ ಬಾಗಿಲೇ ಸರಿಯಾಗಿ ಮುಚ್ಚಲಿಲ್ಲ. ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ನೋಡಿ, ಇದು ಆಗಲ್ಲ, ಮತ್ತೆ ತೆಗೆಯಿರಿ ಅಂದರು. ಅಕ್ಟೋಬರ್ 18ಕ್ಕೆ ಮತ್ತೆ ತೆಗೆದದ್ದೇ ಆ ಶನಿವಾರ ಬಂದದ್ದು.

ಕಡಲತಡಿ:
ಮೇಡಂ, ಆ ಶೀರ್ಷಿಕೆಯಲ್ಲಿ ಹೊಗೆ ಹೊಗೆಯಾಗಿ ಮೇಲೇಳುವ ಬೆಳಕು ಬರುತ್ತಲ್ಲ, ಅದನ್ನು ಹೇಗೆ ಮಾಡಿದರು? ಕಂಪ್ಯೂಟರ್ ಇಲ್ಲದ ಕಾಲ.

ರಿಪೇರಿಅಂಗಡಿ:
ಅದಕ್ಕೆ ನಾನು ಉತ್ತರ ಹೇಳಬಹುದಾ. ಕ್ಯಾಮೆರಾವನ್ನು ಅದೇ ಕ್ಯಾಮೆರಾದ ಚಿತ್ರ ತೋರಿಸುತ್ತಿರುವ ಮಾನಿಟರ್ ಕಡೆಗೆ ತಿರುಗಿಸಿ. ಕ್ಯಾಮೆರಾ ಮಾನಿಟರನ್ನು ನೋಡುತ್ತದೆ, ಮಾನಿಟರ್ ಕ್ಯಾಮೆರಾ ಕಂಡದ್ದನ್ನು ತೋರಿಸುತ್ತದೆ, ಅದನ್ನು ಮತ್ತೆ ಕ್ಯಾಮೆರಾ ನೋಡುತ್ತದೆ. ಸುತ್ತು ಮುಗಿಯುವುದೇ ಇಲ್ಲ. ಮಧ್ಯೆ ಒಂದು ಸಣ್ಣ ಬೆಳಕು ತೋರಿಸಿದರೆ ಸಾಕು, ಅದು ತನ್ನಷ್ಟಕ್ಕೆ ಹಬ್ಬುತ್ತಾ, ಸುರುಳಿ ಬಿಚ್ಚುತ್ತಾ ಹೋಗುತ್ತದೆ. ಮೈಕನ್ನು ಸ್ಪೀಕರ್ ಹತ್ತಿರ ಹಿಡಿದರೆ ಕಿರ್ರ್ ಅನ್ನುತ್ತಲ್ಲ, ಅದೇ ಕೆಲಸ, ಇಲ್ಲಿ ಚಿತ್ರದಲ್ಲಿ. ಬರ್ನಾರ್ಡ್ ಲಾಡ್ಜ್ ಅನ್ನುವ ವಿನ್ಯಾಸಕಾರ ಇದನ್ನು ಶೀರ್ಷಿಕೆಗೆ ಹೊಂದಿಸಿದವರು.

ಬಣ್ಣದ ಬಗ್ಗೆಯೂ ಒಂದು ಮಾತು. ಕಾಲಯಂತ್ರದ ಒಳಗಿನ ಮೇಜು ಪರದೆ ಮೇಲೆ ಬೆಳ್ಳಗೆ ಕಾಣುತ್ತದೆ. ನಿಜವಾಗಿ ಅದಕ್ಕೆ ಬಳಿದಿದ್ದು ತಿಳಿ ಹಸಿರು. ಅಪ್ಪಟ ಬಿಳಿ ಬಳಿದರೆ ದೀಪದ ಕೆಳಗೆ ಕ್ಯಾಮೆರಾಕ್ಕೆ ಕಣ್ಣು ಕೋರೈಸುತ್ತದೆ. ಎಲ್ಲ ಬಣ್ಣವನ್ನೂ ಪರದೆ ಮೇಲೆ ಕಾಣುವ ಬೂದು ಬಣ್ಣದ ಲೆಕ್ಕದಲ್ಲೇ ಯೋಚಿಸಿ ಆರಿಸಬೇಕಿತ್ತು.

ನೇರಮಾತು:
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಬೇರೆ ಮಾತು ಹೇಳುತ್ತೇನೆ. ಆ ದಿನ ಎಲ್ಲರೂ ಒಟ್ಟಿಗೆ ನೋಡಿದರು ಅನ್ನೋದು ಸರಿ. ಆದರೆ ಬೇರೆ ದಾರಿ ಇರಲಿಲ್ಲ ಅನ್ನೋದೂ ಅಷ್ಟೇ ಸರಿ. ವಾರಕ್ಕೆ ಎಷ್ಟು ಗಂಟೆ ಪ್ರಸಾರ ಅಂತ ಸರ್ಕಾರವೇ ಗೆರೆ ಎಳೆದಿತ್ತು. ಆ ಮಿತಿ ಹೋದದ್ದು 1972ರಲ್ಲಿ. 1957ರವರೆಗೆ ಸಂಜೆ ಆರರಿಂದ ಏಳು ಟಿವಿಯೇ ಇಲ್ಲ. ಯಾಕೆ? ತಾಯಂದಿರು ಮಕ್ಕಳನ್ನು ಮಲಗಿಸಲಿ ಅಂತ! ಭಾನುವಾರ ಸಂಜೆ ಚರ್ಚಿನ ಹೊತ್ತಿಗೆ ಧಾರ್ಮಿಕ ಕಾರ್ಯಕ್ರಮ ಬಿಟ್ಟು ಬೇರೇನೂ ಹಾಕುವಂತಿಲ್ಲ. ಚಿಕ್ಕ ಮಕ್ಕಳ ಕಾರ್ಯಕ್ರಮಕ್ಕೆ ಹೆಸರೇ 'ವಾಚ್ ವಿತ್ ಮದರ್', ಅಂದರೆ ಅಮ್ಮ ಹಗಲೆಲ್ಲ ಮನೆಯಲ್ಲೇ ಇರುತ್ತಾಳೆ ಅಂತ ಮೊದಲೇ ತೀರ್ಮಾನ. ಮೇಲಿನವರು ಜನರ ದಿನಚರಿಯನ್ನು ತಾವೇ ಬರೆದುಕೊಟ್ಟರು. ಅದನ್ನು ಒಗ್ಗಟ್ಟು ಅಂತ ಕರೆಯೋದು ನನಗೆ ಒಪ್ಪಿಗೆ ಇಲ್ಲ.

ಹಳೇಟಿವಿ:
ನೀವು ಹೇಳಿದ ಒಂದೊಂದು ಮಾತೂ ನಿಜ ಸರ್, ಒಂದು ದಿನವನ್ನು ಇಡಿಯಾಗಿ ನೋಡಬೇಕು ಅಂತ ನಾನು ಹೇಳುವುದಕ್ಕೂ ಅದೇ ಕಾರಣ. ಬಿಡಿ ಕಾರ್ಯಕ್ರಮ ನೋಡಿದರೆ ಈ ಅಂಕೆ ಕಾಣುವುದಿಲ್ಲ. ಕಾರ್ಯಕ್ರಮಗಳ ನಡುವಿನ ಖಾಲಿ ಜಾಗ ನೋಡಿದಾಗ ಕಾಣುತ್ತದೆ. ಆರರಿಂದ ಏಳರ ಆ ಖಾಲಿ ಗಂಟೆ ಹೋದದ್ದು 1957ರ ಫೆಬ್ರವರಿಯಲ್ಲಿ, ಒತ್ತಾಯಿಸಿದ್ದು ಮುಖ್ಯವಾಗಿ ಐಟಿವಿ ಕಂಪನಿಗಳು. ಅವರಿಗೆ ಆ ಗಂಟೆಯ ಜಾಹೀರಾತು ದುಡ್ಡು ಬೇಕಿತ್ತು. ತೆರವಾದ ಜಾಗಕ್ಕೆ ಬಿಬಿಸಿ ಶನಿವಾರ 'ಸಿಕ್ಸ್-ಫೈವ್ ಸ್ಪೆಷಲ್' ಅಂತ ಪಾಪ್ ಸಂಗೀತ ತಂದಿತು, ವಾರದ ದಿನಗಳಿಗೆ 'ಟುನೈಟ್' ಅನ್ನುವ ಸುದ್ದಿ ಹರಟೆ ತಂದಿತು. ಆ 'ಟುನೈಟ್' ಬಳಗದಿಂದಲೇ ಮುಂದೆ 'ದಟ್ ವಾಸ್ ದ ವೀಕ್' ಹುಟ್ಟಿದ್ದು. ಖಾಲಿ ಗಂಟೆ ತೆಗೆದದ್ದರಿಂದಲೇ ಆ ಶನಿವಾರ ರಾತ್ರಿಯ ಶ್ರದ್ಧಾಂಜಲಿಯವರೆಗೆ ಒಂದು ದಾರಿ ಬಂತು.

ಒಂದು ಮಾತು ಮಾತ್ರ ಒಪ್ಪುವುದಿಲ್ಲ. ಜನ ಸುಮ್ನೆ ಕೊಟ್ಟದ್ದನ್ನು ನೋಡಿಕೊಂಡು ಕೂತಿದ್ದರು ಅನ್ನೋದು. ಶುಕ್ರವಾರ ಹಾಸ್ಯ ಹಾಕಿದ್ದಕ್ಕೆ ಫೋನ್ ಎತ್ತಿ ಬೈದವರು ಅದೇ ಜನ. ಟಿವಿ ಇಟ್ಟುಕೊಳ್ಳಲು ವರ್ಷಕ್ಕೆ 4 ಪೌಂಡ್ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದರು, ಕೇಳುವ ಹಕ್ಕು ಇದೆ ಅಂತ ಅವರಿಗೆ ಗೊತ್ತಿತ್ತು.

ಲೆಸ್ಟರ್‌ವಾಸಿ:
ಬರೀ ಬಿಬಿಸಿ ಬಗ್ಗೆ ಮಾತಾಡಿದರೆ ಅರ್ಧ ದೇಶ ಬಿಟ್ಟ ಹಾಗೆ. ನಮ್ಮ ದೊಡ್ಡಪ್ಪ 60ರ ದಶಕದ ಕೊನೆಯಲ್ಲಿ ಶಿವಮೊಗ್ಗದಿಂದ ಇಲ್ಲಿಗೆ, ಇಂಗ್ಲೆಂಡಿಗೆ, ಡಾಕ್ಟರಾಗಿ ಬಂದವರು. ಅವರು ಹೇಳುತ್ತಿದ್ದದ್ದು, ಕೂಲಿ ಜನರ ಬೀದಿಗಳಲ್ಲಿ ಕೇಳಿಸುತ್ತಿದ್ದದ್ದು ಐಟಿವಿಯೇ. ಬಹಳ ಜನ ಸೆಟ್ ಕೊಳ್ಳುತ್ತಿರಲಿಲ್ಲ, ಬಾಡಿಗೆಗೆ ತರುತ್ತಿದ್ದರು. ಕೆಲವು ಸೆಟ್‌ಗಳ ಹಿಂದೆ ನಾಣ್ಯದ ಪೆಟ್ಟಿಗೆ ಇರುತ್ತಿತ್ತು, ದುಡ್ಡು ಮುಗಿದರೆ ಕಥೆಯ ಮಧ್ಯದಲ್ಲೇ ಪರದೆ ಕಪ್ಪು.

ಐಟಿವಿ ಇಡೀ ದೇಶಕ್ಕೆ ಒಂದೇ ಆಗಿರಲಿಲ್ಲ. ಲಂಡನ್ನಿನ ಶನಿವಾರ ಎಟಿವಿ ಅನ್ನುವ ಕಂಪನಿಯದು, ಉತ್ತರ ಮತ್ತು ಮಿಡ್‌ಲ್ಯಾಂಡ್ಸ್‌ನ ಶನಿವಾರ ಎಬಿಸಿಯದು. ಆ ಚಳಿಗಾಲದ ಶನಿವಾರ ರಾತ್ರಿಗಳಲ್ಲಿ ಎಬಿಸಿಯ ಗೂಢಚಾರಿ ಧಾರಾವಾಹಿ 'ದಿ ಅವೆಂಜರ್ಸ್' ಬರುತ್ತಿತ್ತು, ಅದರಲ್ಲಿ ನಟಿ ಆನರ್ ಬ್ಲ್ಯಾಕ್‌ಮನ್ ಗಂಡಸರನ್ನು ಎತ್ತಿ ಒಗೆಯುತ್ತಿದ್ದ ಕಾಲ. ಹಾಗಾಗಿ 'ಒಂದು ದಿನ' ಅಂದರೆ ಯಾವ ಊರಿನ ದಿನ ಅಂತಲೂ ಕೇಳಬೇಕು ಅಲ್ವಾ?

ನಮ್ಮವರ ವಿಷಯಕ್ಕೆ ಬಂದರೆ, 1965ರ ಅಕ್ಟೋಬರ್‌ನಿಂದ ಬಿಬಿಸಿ ಭಾನುವಾರ ಬೆಳಗ್ಗೆ 'ಅಪ್ನಾ ಹೀ ಘರ್ ಸಮಝಿಯೇ' ಶುರು ಮಾಡಿತು, ಭಾರತ ಮತ್ತು ಪಾಕಿಸ್ತಾನದಿಂದ ಬಂದವರಿಗಾಗಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾಗುತ್ತಿತ್ತು. ಭಾಷೆ ಹಿಂದಿ-ಉರ್ದು. ಕನ್ನಡದ ಮನೆಯವರಿಗೆ ಅರ್ಧ ಅರ್ಥವಾದರೆ ಹೆಚ್ಚು. ಆದರೂ ತಪ್ಪಿಸುತ್ತಿರಲಿಲ್ಲವಂತೆ. ಆ ಪರದೆ ಮೇಲೆ ಸೀರೆ ಉಟ್ಟವರೊಬ್ಬರು ಕಾಣಿಸುವುದೇ ದೊಡ್ಡಮ್ಮನಿಗೆ ಸಮಾಧಾನ.

ಹಳೇಟಿವಿ:
ಇದು ಬಹಳ ಮುಖ್ಯವಾದ ಮಾತು, ಥ್ಯಾಂಕ್ಸ್. ನಾನು ಐಟಿವಿಗಿಂತ ಬಿಬಿಸಿ ದಿನವನ್ನು ಆರಿಸಿದ್ದಕ್ಕೆ ಒಂದು ಕಾರಣ, ಅದರಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಿರುವುದು. ಆಗಿನ ವಿಡಿಯೊ ಟೇಪು ಎರಡು ಇಂಚು ಅಗಲ, ವಿಪರೀತ ಬೆಲೆ. ಆದ್ದರಿಂದ ಅಳಿಸಿ ಅದರ ಮೇಲೆ ಇನ್ನೊಂದು ತುಂಬುತ್ತಿದ್ದರು. 'ಡಾಕ್ಟರ್ ಹೂ' ಮೊದಲ ಕಂತು ಉಳಿದದ್ದು ವಿದೇಶಕ್ಕೆ ಮಾರಲು ಫಿಲ್ಮ್ ಪ್ರತಿ ತೆಗೆದಿದ್ದರಿಂದ. ಅದೇ ಧಾರಾವಾಹಿಯ 60ರ ದಶಕದ ಎಷ್ಟೋ ಕಂತುಗಳು ಹಾಗೆ ಉಳಿಯಲಿಲ್ಲ. ಕೆನಡಿ ಶ್ರದ್ಧಾಂಜಲಿಯೂ ಉಳಿದಿದೆ. 'ಜ್ಯೂಕ್ ಬಾಕ್ಸ್ ಜ್ಯೂರಿ' ನೂರಾರು ಕಂತು ಬಂದಿತ್ತು, ಈಗ ಇರುವುದು ಬೆರಳೆಣಿಕೆಯಷ್ಟು. ಟೆಲಿಪ್ರಿಂಟರ್ ಮುಂದೆ ಕೂತ ಸಂಜೆಗಳನ್ನು ಉಳಿಸಬೇಕು ಅಂತ ಯಾರಿಗೂ ಅನಿಸಿಯೇ ಇರಲಿಲ್ಲ. ನನಗೆ ಹೆಚ್ಚು ಸಂಕಟ ಆಗೋದು ಅದಕ್ಕೇ.

ಕಡಲತಡಿ:
ಇಂಥ ಇನ್ನೊಂದು ದಿನವನ್ನು ನಾನೇ ಹುಡುಕಬೇಕು ಅಂದರೆ ಎಲ್ಲಿ ನೋಡಲಿ?

ಹಳೇಟಿವಿ:
'ರೇಡಿಯೊ ಟೈಮ್ಸ್' ವಾರಪತ್ರಿಕೆಯಲ್ಲಿ ಬಂದ ಪಟ್ಟಿಗಳನ್ನೆಲ್ಲ ಬಿಬಿಸಿ ಜೀನೋಮ್ ಅನ್ನುವ ತಾಣದಲ್ಲಿ ಹಾಕಿದ್ದಾರೆ. ತಾರೀಖು ಕೊಟ್ಟರೆ ಸಾಕು. ಆದರೆ ಒಂದು ಎಚ್ಚರ. ಪತ್ರಿಕೆ ದಿನಗಳ ಮುಂಚೆಯೇ ಅಚ್ಚಾಗುತ್ತಿತ್ತು. ಅದರಲ್ಲಿರುವುದು ಏನು ತೋರಿಸಬೇಕು ಅಂದುಕೊಂಡಿದ್ದರೋ ಅದು. ನವೆಂಬರ್ 23ರ ಪಟ್ಟಿಯಲ್ಲಿ ಕೆನಡಿಯ ಸುಳಿವೇ ಇರುವುದಿಲ್ಲ.

ಹಾಗೆ ಪಟ್ಟಿಗೂ ಪ್ರಸಾರಕ್ಕೂ ಸಂಬಂಧವೇ ಇಲ್ಲದ ಇನ್ನೊಂದು ದಿನ ಬೇಕಾದರೆ 1964ರ ಏಪ್ರಿಲ್ 20 ನೋಡಿ, ಬಿಬಿಸಿ 2 ಶುರುವಾದ ರಾತ್ರಿ. ಸಂಗೀತ ನಾಟಕ, ಪಟಾಕಿ, ಏನೇನೋ ಸಿದ್ಧವಾಗಿತ್ತು. ಬ್ಯಾಟರ್‌ಸೀ ವಿದ್ಯುತ್ ಕೇಂದ್ರದಲ್ಲಿ ಬೆಂಕಿ ಬಿದ್ದು ಪಶ್ಚಿಮ ಲಂಡನ್ನಿನಲ್ಲಿ ಕರೆಂಟ್ ಹೋಯಿತು, ಬಿಬಿಸಿಯ ಟಿವಿ ಕೇಂದ್ರವೂ ಕತ್ತಲೆ. ಊರಿನ ಇನ್ನೊಂದು ಕಡೆ ಇದ್ದ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ ಮಾತ್ರ ಕರೆಂಟ್ ಇತ್ತು. ಅಲ್ಲಿಂದ ಜೆರಾಲ್ಡ್ ಪ್ರೀಸ್ಟ್‌ಲ್ಯಾಂಡ್ ಸುದ್ದಿ ಓದಿ ಕ್ಷಮೆ ಕೇಳಿದರು.

ರಿಪೇರಿಅಂಗಡಿ:
ಮತ್ತೆ ಬಿಬಿಸಿ 2 ಶುರುವಿನಿಂದಲೇ 625 ಗೆರೆ. ಹಳೇ 405 ಸೆಟ್ ಇದ್ದವರಿಗೆ ಕರೆಂಟ್ ಇದ್ದಿದ್ದರೂ ಅದು ಕಾಣುತ್ತಿರಲಿಲ್ಲ.

ಸಂಜೆಮಲ್ಲಿಗೆ:
ಹಾಗಾದರೆ ಆ ಚಾನೆಲ್‌ನಲ್ಲಿ ಪಟ್ಟಿಯ ಪ್ರಕಾರ ಮೊದಲು ಬಂದ ಕಾರ್ಯಕ್ರಮ ಯಾವುದು?

ಹಳೇಟಿವಿ:
ಮರುದಿನ ಬೆಳಗ್ಗೆ ಹನ್ನೊಂದಕ್ಕೆ 'ಪ್ಲೇ ಸ್ಕೂಲ್'. ಚಿಕ್ಕ ಮಕ್ಕಳದ್ದು.